ದೃಷ್ಟಿಬೊಟ್ಟನ್ನು ಕೊಳೆ ಅಂದುಕೊಂಡವರಿಗೆ

ವಿಶ್ವವಿದ್ಯಾಲಯದ ಬೋಧನಾ ಗುಣಮಟ್ಟ ವಿಭಾಗದ ಮಾನ್ಯ ನಿರ್ದೇಶಕರೇ,

ಮೊಳಕಾಲ್ಮೂರಿನ ನಿಮ್ಮ ಘಟಕ ಕಾಲೇಜಿನಲ್ಲಿ ಪಾಠ ಮಾಡುವವರು ಒಬ್ಬರಿದ್ದರು. ಅವರನ್ನು ತೆಗೆದಿದ್ದೀರಿ. 'ಬೋಧನೆ ಪರಿಣಾಮಕಾರಿಯಾಗಿಲ್ಲ' ಎಂಬ ಕಾರಣ ಕೊಟ್ಟು, ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ ತೇಜಶ್ರೀ ಮೇಡಂ ಅವರನ್ನು ಮುಂದಿನ ಸೆಮಿಸ್ಟರ್‌ನಿಂದ ಕೈಬಿಟ್ಟಿದ್ದೀರಿ. ಅದೇ ಆದೇಶದ ಕೆಳಗಡೆ, ನಿಮ್ಮ ಸಹಿಗಿಂತ ಎರಡು ಸಾಲು ಮೇಲೆ, ಪ್ರೊಫೆಸರ್ ಹನುಮಂತರಾಜು ಅವರನ್ನು ಕಾಲೇಜಿನ 'ಅತ್ಯುತ್ತಮ ಬೋಧಕ' ಎಂದು ಘೋಷಿಸಿದ್ದೀರಿ. ಆ ಆದೇಶದ ಪ್ರತಿ ತೆಗೆಸಲು ಕಾಲೇಜಿನ ಜವಾನರು ನನ್ನ ಅಂಗಡಿಗೇ ಬಂದಿದ್ದರು. ಮೆಷಿನ್ನಿನ ಮೇಲೆ ಹಾಳೆ ಇಡುವಾಗ ಕಣ್ಣಿಗೆ ಬಿತ್ತು. ಹೆಸರುಗಳು ಅದಲು ಬದಲಾಗಿರಬೇಕು, ಟೈಪು ಮಾಡಿದ ಪುಣ್ಯಾತ್ಮರು ಊಟ ಮುಗಿಸಿ ತೂಕಡಿಸುತ್ತಾ ಕೂತಿದ್ದರೇನೋ ಅಂದುಕೊಂಡೆ. ಇಲ್ಲ ಸ್ವಾಮಿ, ಎಲ್ಲರೂ ಎಚ್ಚರವಾಗಿದ್ದೇ ಮಾಡಿದ ಕೆಲಸ ಅದು ಎಂದು ಆಮೇಲೆ ಗೊತ್ತಾಯಿತು.

ಇದನ್ನೆಲ್ಲ ಕೇಳಲು ನೀನ್ಯಾರಯ್ಯಾ ಅನ್ನುತ್ತೀರಿ. ಕಾಲೇಜು ಗೇಟಿನ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟಿರುವ ಚಂದ್ರಣ್ಣ ನಾನು. ಚಳ್ಳಕೆರೆಯಲ್ಲಿ ಬಿ.ಎ. ಓದಿದವನು, ಎರಡನೇ ದರ್ಜೆ. ನನ್ನ ಮಗಳು ಸ್ವಪ್ನ ನಿಮ್ಮ ಈ ಕಾಲೇಜಿನಲ್ಲೇ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಬೋಧನೆಯ ಬಗ್ಗೆ ಮಾತಾಡಲು ಜೆರಾಕ್ಸ್ ಅಂಗಡಿಯವನಿಗೆ ಏನು ಹಕ್ಕು ಅನ್ನುವಿರಾದರೆ, ನಿಮ್ಮ ಅತ್ಯುತ್ತಮ ಬೋಧಕರ ಬೋಧನೆ ನಡೆಯುವುದೇ ನನ್ನ ಅಂಗಡಿಯಲ್ಲಿ. ಹನುಮಂತರಾಜು ಸಾರ್ ಅವರ ನೋಟ್ಸಿನ ಮೂಲಪ್ರತಿ ನನ್ನ ಡ್ರಾಯರಿನಲ್ಲೇ ಇರುತ್ತದೆ. ಪ್ರತಿ ವರ್ಷ ಹೊಸ ಮಕ್ಕಳು ಬಂದು "ಅಣ್ಣಾ, ರಾಜು ಸಾರ್‌ದು" ಅನ್ನುತ್ತಾರೆ, ನಾನು ತೆಗೆದುಕೊಡುತ್ತೇನೆ. ತರಗತಿಯಲ್ಲಿ ಸಾರ್ ಅದನ್ನೇ ಓದುತ್ತಾರೆ, ಮಕ್ಕಳು ತಮ್ಮ ಪ್ರತಿಯ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಾರೆ. ಬೇಡಿಕೆಯ ರೇಖೆ ಇರುವ ಪುಟದಲ್ಲಿ ಯಾವುದೋ ಕಾಲದಲ್ಲಿ ಒಂದು ಸೊಳ್ಳೆ ಮೆಷಿನ್ನಿನ ಗಾಜಿಗೆ ಅಂಟಿಕೊಂಡು ಸತ್ತು ಗುರುತು ಬಿಟ್ಟಿದೆ. ಮಕ್ಕಳು ಅದನ್ನೂ ರೇಖೆಯ ಮೇಲಿನ ಒಂದು ಬಿಂದು ಎಂದು ತಿಳಿದು ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಸೊಳ್ಳೆಗೂ ಅಂಕ ಬಿದ್ದಿದೆ, ನಿಮ್ಮ ಮೌಲ್ಯಮಾಪಕರ ದಯೆಯಿಂದ. ಸಾರ್ ಕೆಟ್ಟವರಲ್ಲ, ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ. ಆದರೆ ಚಹಾ ಕುಡಿಸುವುದಕ್ಕೆ ಬೇರೆ ಪ್ರಶಸ್ತಿ ಕೊಡಬಹುದಿತ್ತು.

ಈ ಕತೆ ಶುರುವಾಗಿದ್ದು ಸ್ವಪ್ನ ಮೊದಲ ವರ್ಷದಲ್ಲಿದ್ದಾಗ. ಆಗ ಕಿರಣ್‌ಕುಮಾರ್ ಸಾರ್ ಅಂತ ಒಬ್ಬರು ಕಾಯಂ ಅಧ್ಯಾಪಕರಿದ್ದರು. ಅವರು ಪಾಠಕ್ಕೆ ನಿಂತರೆ ಹಿಂದಿನ ಬೆಂಚಿನವರು ಎದ್ದು ಬಂದು ಮುಂದೆ ಕೂರುತ್ತಿದ್ದರು. ನಿಮ್ಮ ತಂಡ ಬಂದು "ಹೇಗೆ ಪಾಠ ಮಾಡುತ್ತಾರೆ?" ಎಂದು ಕೇಳಿದಾಗ ಮಕ್ಕಳು, ಪಾಪ, ಬಾಯ್ತುಂಬ ಹೊಗಳಿದರು. ಹೊಗಳಿದ್ದೇ ತಪ್ಪಾಯಿತು. ಆ ಸೆಮಿಸ್ಟರ್ ಮುಗಿಯುವ ಮೊದಲೇ ಅವರನ್ನು ನಿಮ್ಮ ಕೇಂದ್ರ ಕಚೇರಿಗೆ ಎತ್ತಿಕೊಂಡು ಹೋದಿರಿ. ಚೆನ್ನಾಗಿ ಪಾಠ ಮಾಡುವುದು ಹೇಗೆಂದು ಅವರೀಗ ಬೇರೆ ಅಧ್ಯಾಪಕರಿಗೆ ತರಬೇತಿ ಕೊಡುತ್ತಾರಂತೆ. ಸ್ವತಃ ಪಾಠ ಮಾಡಲು ಅವರಿಗೆ ಪುರುಸೊತ್ತಿಲ್ಲವಂತೆ. ಕೈರುಚಿ ಇರುವ ಹೆಂಗಸನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಜಗಲಿಯಲ್ಲಿ ಕೂರಿಸಿ, ಸಾರಿನ ಬಗ್ಗೆ ನಾಲ್ಕು ಮಾತಾಡಮ್ಮಾ ಅಂದರೆ ಮನೆಯವರು ಉಣ್ಣುವುದೇನನ್ನು? ಸ್ವಪ್ನಳ ತರಗತಿಗೆ ಉಳಿದ ಪಾಠಗಳನ್ನು ಹನುಮಂತರಾಜು ಸಾರ್ ಓದಿ ಮುಗಿಸಿದರು, ಸೊಳ್ಳೆಯ ಸಮೇತ.

ಮಾರನೇ ವರ್ಷ ಆ ಜಾಗಕ್ಕೆ ಬಂದವರು ತೇಜಶ್ರೀ ಮೇಡಂ. ಚಳ್ಳಕೆರೆಯವರು, ದಿನಾ ಬಸ್ಸಿನಲ್ಲಿ ಓಡಾಟ. ಒಮ್ಮೆ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಕೊಟ್ಟು ಬರಲು ತರಗತಿಯ ಬಾಗಿಲಿಗೇ ಹೋಗಿದ್ದೆ. ಒಳಗೆ ಮೇಡಂ ಕೇಳುತ್ತಿದ್ದರು: "ನಿನ್ನೆ ಹೇಳಿದ್ದು ಯಾರಿಗೆ ತಿಳೀಲಿಲ್ಲ, ಕೈ ಎತ್ರಿ." ಒಂದು ಕೈಯೂ ಏಳಲಿಲ್ಲ. "ಸರಿ, ತಿಳಿದೋರು ಎತ್ರಿ." ಆಗಲೂ ಒಂದು ಕೈಯೂ ಏಳಲಿಲ್ಲ. ಮೇಡಂ ಜೋರಾಗಿ ನಕ್ಕುಬಿಟ್ಟರು. "ಹಂಗಾದ್ರೆ ನಿನ್ನೆ ನಾನು ಗೋಡೆಗೆ ಪಾಠ ಮಾಡಿದೀನಿ. ತಪ್ಪು ನಂದು. ಪುಸ್ತಕ ಮುಚ್ಚಿಡ್ರಿ, ಮೊದ್ಲಿಂದ ಬರೋಣ. ಉಪ್ಪಿನ ರೇಟು ಏರ್ತು ಅಂದ್ಕಳ್ರಿ. ಮನೇಲಿ ಉಪ್ಪು ಹಾಕೋದು ನಿಲ್ಲಿಸ್ತೀರಾ?"

ದೇವಸಮುದ್ರದಿಂದ ಬರುವ ಲೋಹಿತ ಎಂಬ ಹುಡುಗ, ಮನೆಯಲ್ಲಿ ತೆಲುಗು ಮಾತಾಡುವವನು, ಗಾಬರಿಯಲ್ಲಿ ತೆಲುಗಲ್ಲೇ ಅಂದ: "ಉಪ್ಪು ಲೇಕುಂಡಾ ಎಟ್ಲಾ ಮೇಡಂ?"

ಉಪ್ಪಿಲ್ಲದೆ ಹೇಗೆ ಅನ್ನುವ ಆ ಪ್ರಶ್ನೆಗೆ ಮೇಡಂ "ಅದೇ ಕದಾ ನೇನು ಚೆಪ್ಪೇದಿ! ನಾನೂ ಅದನ್ನೇ ಅಲ್ವಾ ಹೇಳ್ತಿರೋದು!" ಎಂದು ಬೋರ್ಡಿನ ಕಡೆ ತಿರುಗಿ, "ಸರಿ, ರೇಷ್ಮೆ ಸೀರೆ ರೇಟು ಏರಿದ್ರೆ?" ಅಂದರು. ಮನೆಯಲ್ಲಿ ಮಗ್ಗ ಇರುವ ಹುಡುಗಿಯೊಬ್ಬಳು ಮೊದಲ ಸಲ ಬಾಯಿ ಬಿಟ್ಟಳು: "ನೇಯ್ದಿದ್ದೆಲ್ಲ ನಮ್ಮನೇಲೇ ಉಳಿತಾವೆ ಮೇಡಂ." "ಈಗ ಪುಸ್ತಕ ತೆಗೀರಿ," ಅಂದರು ಮೇಡಂ, "ನೀವು ಹೇಳಿದ್ದನ್ನೇ ಅದು ಪಾಪ ಎಷ್ಟು ಕಷ್ಟಪಟ್ಟು ಹೇಳೈತೆ ನೋಡಾನ." ಬಿ.ಎ.ಯಲ್ಲಿ ನಾನು ಬಾಯಿಪಾಠ ಹೊಡೆದು ಬರೆದು ಮರೆತಿದ್ದ 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಎಂಬ ಭೂತ ಅವತ್ತು ಬಾಗಿಲ ಬಳಿ ನಿಂತಲ್ಲೇ ಬಿಟ್ಟುಹೋಯಿತು. ಅಂಗಡಿಯನ್ನು ಹಾಗೇ ತೆರೆದಿಟ್ಟು ಬಂದಿದ್ದೇನೆ ಅನ್ನುವುದೂ ನೆನಪಾಗಲಿಲ್ಲ. ಸಂಜೆ ಬಸ್ಸಿಗೆ ಕಾಯುವಾಗಲೂ ಈ ಹೆಂಗಸು ಸುಮ್ಮನಿರುವವರಲ್ಲ. ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು "ಇವತ್ತು ಎಲ್ಲಿ ಕೈತಪ್ಪಿ ಹೋದ್ರಿ, ಹೇಳ್ರಿ" ಎಂದು ಕೇಳುತ್ತಿದ್ದರು. ಮಕ್ಕಳು ಹೇಳಿದ ಜಾಗದಿಂದಲೇ ಮಾರನೇ ದಿನದ ಪಾಠ ಶುರುವಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ನಿಮ್ಮ ಸುತ್ತೋಲೆ ಬಂತು. ಪ್ರತಿಯೊಬ್ಬ ಅಧ್ಯಾಪಕರೂ ವಾರಕ್ಕೊಮ್ಮೆ 'ಆತ್ಮಾವಲೋಕನ ನಮೂನೆ' ತುಂಬತಕ್ಕದ್ದು, ತಮ್ಮ ಬೋಧನೆಯ ಲೋಪಗಳನ್ನು ತಾವೇ ಗುರುತಿಸಿ ತಿದ್ದಿಕೊಳ್ಳತಕ್ಕದ್ದು. ಓದಿ ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ತನ್ನ ಪಾಠವನ್ನು ತಾನೇ ತಿರುಗಿ ನೋಡಿಕೊಳ್ಳುವುದು ಒಳ್ಳೆಯದಲ್ಲವೇ? ಮಾರನೇ ದಿನ ಹನುಮಂತರಾಜು ಸಾರ್ ತುಂಬಿದ ನಮೂನೆಯೊಂದನ್ನು ಹಿಡಿದು ಅಂಗಡಿಗೆ ಬಂದರು.

"ಚಂದ್ರಣ್ಣಾ, ಇದನ್ನ ಇಡೀ ವರ್ಷಕ್ಕಾಗೋ ಹಂಗೆ ಹೊಡ್ಕೊಡಪ್ಪ. ದಿನಾಂಕದ ಜಾಗ ಖಾಲಿ ಬಿಟ್ಟಿದೀನಿ."

"ಸಾರ್, ಮುಂದಿನ ವಾರದ ಲೋಪ ಈಗ್ಲೇ ಗೊತ್ತಾಯ್ತಾ?" ಅಂದೆ.

"ಲೋಪ ಇದ್ರೆ ತಾನೇ ಗೊತ್ತಾಗೋದು? ಓದ್ನೋಡು."

ಓದಿದೆ. 'ಈ ವಾರ ನನ್ನ ಬೋಧನೆಯಲ್ಲಿ ಯಾವುದೇ ಲೋಪ ಕಂಡುಬಂದಿರುವುದಿಲ್ಲ. ಮುಂದೆಯೂ ಕಂಡುಬರದಂತೆ ಎಚ್ಚರ ವಹಿಸಲಾಗುವುದು' ಎಂದಿತ್ತು. ಸಂಜೆಯ ಹೊತ್ತಿಗೆ ಸುದ್ದಿ ಹಬ್ಬಿ, ಮಿಕ್ಕ ಅಧ್ಯಾಪಕರೂ ಒಬ್ಬೊಬ್ಬರಾಗಿ ಬಂದು "ರಾಜು ಸಾರ್‌ದು ನಂಗೂ ಒಂದಷ್ಟು ತೆಗಿ, ಹೆಸರಿನ ಮೇಲೆ ಬಿಳಿ ಚೀಟಿ ಹಾಕು" ಅಂದರು. ಹೀಗೆ ನಿಮ್ಮ ಘಟಕ ಕಾಲೇಜಿನ ಸಮಸ್ತ ಆತ್ಮವೂ ನನ್ನ ಮೆಷಿನ್ನಿನಲ್ಲಿ ಹಾದು ಹೋಗಿದೆ. ಎರಡು ಸಲ ಪೇಪರು ಸಿಕ್ಕಿಕೊಂಡಿದ್ದು ಬಿಟ್ಟರೆ ಆತ್ಮಗಳಿಗೆ ಯಾವ ತೊಂದರೆಯೂ ಆಗಲಿಲ್ಲ. ಪ್ರತಿ ತೆಗೆಸಲು ಬಾರದವರು ತೇಜಶ್ರೀ ಮೇಡಂ ಒಬ್ಬರೇ. ಅವರು ಪ್ರತಿ ವಾರ ಬಸ್ಸಿನಲ್ಲಿ ಕೂತು ಕೈಯಲ್ಲೇ ಬರೆಯುತ್ತಿದ್ದರಂತೆ: ಈ ವಾರ ಹಣದುಬ್ಬರದ ಪಾಠ ಕೆಟ್ಟಿತು, ಅವಸರ ಮಾಡಿದೆ, ಅರ್ಧ ತರಗತಿಗೆ ತಲುಪಲಿಲ್ಲ, ಸೋಮವಾರ ಸಂತೆಯ ಉದಾಹರಣೆ ಇಟ್ಟುಕೊಂಡು ಮತ್ತೆ ಮಾಡಬೇಕು. ನೀವು ಕೇಳಿದ್ದನ್ನು ನಂಬಿ ನಿಜ ಬರೆದುಕೊಟ್ಟವರು ಅವರು. ಆ ನಿಜಕ್ಕೆ ಏನಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ, ನಿಮಗೆ ಗೊತ್ತಿದ್ದರೂ ಇನ್ನೊಮ್ಮೆ ಓದಿ.

ಆಮೇಲೆ ನಿಮ್ಮ ತಂಡ ಬರುವ ಸುದ್ದಿ ಬಂತು. ಮಕ್ಕಳೆಲ್ಲ ಅಧ್ಯಾಪಕರ ಬಗ್ಗೆ ಅಭಿಪ್ರಾಯ ತುಂಬಬೇಕೆಂದು ಪ್ರಾಂಶುಪಾಲರು ಹೇಳಿ ಕಳಿಸಿದರು. ಅವತ್ತು ಸಂಜೆ ಲೋಹಿತನೂ ಇನ್ನೊಂದಷ್ಟು ಮಕ್ಕಳೂ ನಮ್ಮ ಮನೆಗೆ ಬಂದು, ಸ್ವಪ್ನಳ ಜೊತೆ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದರು. ನಮ್ಮವ್ವ ಮೂಗಮ್ಮ ಮೊಣಕಾಲು ಹಿಡಿದುಕೊಳ್ಳುವವರೆಗೂ ಕುರಿಗಳ ಹಿಂದೆ ತಿರುಗಿದವಳು. ಅವಳಿಗೆ ಸುಮ್ಮನೆ ಕೂತವರನ್ನು ಕಂಡರೆ ಆಗುವುದಿಲ್ಲ.

"ಏನ್ ಕೂಸೇ, ಎಲ್ರೂ ಮಕ ಹಿಂಗಿಟ್ಕಂಡಿದೀರಾ?"

"ಅಜ್ಜೀ, ಯೂನಿವರ್ಸಿಟಿಯೋರು ಬರ್ತಾರಂತೆ. ಮೇಡಂ ಚೆನ್ನಾಗಿ ಪಾಠ ಮಾಡ್ತಾರೆ ಅಂದ್ರೆ, ಕಿರಣ್ ಸಾರ್‌ನ ಕರ್ಕಂಡೋದ್ರಲ್ಲ, ಹಂಗೇ ಕರ್ಕಂಡೋಗ್ತಾರೆ."

"ಅಯ್ಯೋ ನಿಮ್ಮ, ಇದಕ್ಕೆ ಇಷ್ಟು ಯೋಚ್ನೆನಾ? ಹೊರಗ್ನೋರು ಬಂದು ಮಂದ್ಯಾಗಿರೋ ಒಳ್ಳೇ ಟಗರಿನ ಮ್ಯಾಲೆ ಕಣ್ಣಾಕಿದ್ರೆ ನಾವೇನಂತೀವಿ? 'ಅದಾ? ಅದ್ರ ಕಾಲು ಸರಿಗಿಲ್ಲ ಕಣಪ್ಪಾ, ಮೇಯೋದೂ ಅಷ್ಟಕ್ಕಷ್ಟೇ' ಅಂತೀವಿ. ಒಳ್ಳೇದನ್ನ ಹೊರಗ್ನೋರ ಮುಂದೆ ಒಳ್ಳೇದು ಅನ್ನಬಾರ್ದು, ದಿಷ್ಟಿ ಆಗ್ತೈತೆ. ಕೂಸಿನ ಕೆನ್ನೆಗೆ ಬೊಟ್ಟಿಡಲ್ವಾ? ನಿಮ್ ಮೇಡಮ್ಮಂಗೂ ಒಂದೊಂದು ಬೊಟ್ಟಿಡ್ರಿ, ಯಾರೂ ಮುಟ್ಟಲ್ಲ."

"ಮತ್ತೆ ಹನುಮಂತರಾಜು ಸಾರ್‌ಗೆ?" ಅಂದ ಲೋಹಿತ.

"ಆವಯ್ಯಂಗೆ ಯಾರ ದಿಷ್ಟಿ ಆಗ್ತೈತೆ ಬಿಡು. ಹೊಗಳ್ರಿ, ಏನಾಗಲ್ಲ."

"ಹೊಗಳಿಸ್ಕಂಡೋರ್ನ ಕರ್ಕಂಡೋಗ್ತಾರೆ ಅಂದ್ರೆ," ಲೋಹಿತ ತಲೆ ಕೆರೆದುಕೊಂಡ, "ಚೆನ್ನಾಗೇ ಹೊಗಳಾನ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಮುದ್ದೆ ಮುರಿಯುತ್ತಿದ್ದ ನಾನೂ ನಕ್ಕೆ. ನಿಮಗಿದು ಮೂಢನಂಬಿಕೆ ಅನ್ನಿಸಬಹುದು. ಆದರೆ ಹೊಗಳಿದ್ದಕ್ಕೆ ಒಬ್ಬರನ್ನು ಕಳೆದುಕೊಂಡ ಮಕ್ಕಳು ಎರಡನೇ ಸಲ ಎಚ್ಚರವಾದರೆ ಅದು ಮೂಢತನ ಹೇಗಾಗುತ್ತದೆ? ಅನುಭವದಿಂದ ಕಲಿಯುವುದು ಅಂತ ನಿಮ್ಮ ಸುತ್ತೋಲೆಯಲ್ಲೇ ಇತ್ತಲ್ಲ!

ಇಡೀ ತರಗತಿ ಕೂಡಿ ಮೇಡಂಗೆ ಬೊಟ್ಟಿಟ್ಟಿತು. ಪಾಪ, ತಪ್ಪು ಹುಡುಕಲು ಹೋದರೆ ಸಿಗಬೇಕಲ್ಲ? ಕೊನೆಗೆ ಇದ್ದದ್ದನ್ನೇ ದೂರಿನ ಧಾಟಿಯಲ್ಲಿ ಬರೆದಿದ್ದಾರೆ. 'ನಿನ್ನೆ ಮಾಡಿದ ಪಾಠವನ್ನೇ ಇವತ್ತೂ ಮಾಡುತ್ತಾರೆ.' 'ತರಗತಿಯಲ್ಲಿ ಉಪ್ಪು, ಸೀರೆ ಎಂದು ಮನೆವಾರ್ತೆ ಮಾತಾಡುತ್ತಾರೆ.' 'ಬಸ್ಸಿಗೆ ಕಾಯುವಾಗಲೂ ಬಿಡುವುದಿಲ್ಲ.' 'ತೆಲುಗು ಮಾತಾಡುತ್ತಾರೆ', ಇದು ಲೋಹಿತನ ಕೊಡುಗೆ. ನನ್ನ ಮಗಳು ಎಲ್ಲರಿಗಿಂತ ದೊಡ್ಡ ಬೊಟ್ಟಿಟ್ಟಳು: 'ತಪ್ಪು ನನ್ನದು ಎಂದು ಮೇಡಂ ತಾವೇ ಹೇಳುತ್ತಾರೆ.' ಹನುಮಂತರಾಜು ಸಾರ್ ಬಗ್ಗೆ ಬರೆದಿದ್ದನ್ನು ಕೇಳಿದರೆ ಸಾರ್ ಅವರೇ ನಾಚಿಕೊಂಡಾರು.

ನಿಮ್ಮ ತಂಡ ಬಂತು. ಶಾಲು, ಹಾರ, ಹೋಳಿಗೆ ಊಟ ಎಲ್ಲ ಸಾಂಗವಾಗಿ ನಡೆಯಿತು. ಪ್ರೊಜೆಕ್ಟರ್ ಉರಿಯುತ್ತದೆಯೇ ಎಂದು ನೋಡಿದರು, ಉರಿಯಿತು. ತರಗತಿಯೊಳಗೆ ಹೋಗಿ ಕೂತವರು ಒಬ್ಬರೂ ಇಲ್ಲ. ಆಮೇಲೆ ಬಂದ ಆದೇಶದ ಭಾಷೆ ನೋಡಿ: 'ವಿದ್ಯಾರ್ಥಿಗಳಲ್ಲಿ ಒಮ್ಮತದ ಅಸಮಾಧಾನ ವ್ಯಕ್ತವಾಗಿರುತ್ತದೆ. ಪಾಠ ಕೆಟ್ಟಿರುವುದನ್ನು ಸದರಿ ಉಪನ್ಯಾಸಕಿಯೇ ತಮ್ಮ ಆತ್ಮಾವಲೋಕನ ನಮೂನೆಗಳಲ್ಲಿ ಪದೇ ಪದೇ ಒಪ್ಪಿಕೊಂಡಿರುತ್ತಾರೆ.' ಒಪ್ಪಿಕೊಂಡಿರುತ್ತಾರೆ! ಕಳ್ಳತನ ಒಪ್ಪಿಕೊಂಡವರ ಬಗ್ಗೆ ಠಾಣೆಯಲ್ಲಿ ಬರೆಯುವ ಮಾತಿದು. ತಪ್ಪನ್ನು ಬರೆದು ತಿದ್ದಿಕೊಳ್ಳಿ ಎಂದವರೂ ನೀವೇ, ಬರೆದದ್ದನ್ನು ಹಿಡಿದು ಹೊರಗೆ ಹಾಕಿದವರೂ ನೀವೇ. ಲೋಪವೇ ಇಲ್ಲ ಎಂದು ವರ್ಷಕ್ಕಾಗುವಷ್ಟು ಮುಂಗಡವಾಗಿ ಪ್ರತಿ ತೆಗೆಸಿಟ್ಟವರಿಗೆ ಪ್ರಶಸ್ತಿ. ನಿಮ್ಮಲ್ಲಿ ಯಾರಾದರೂ ಒಬ್ಬರು ಆ ನಮೂನೆಗಳನ್ನು ಒಂದರ ಮೇಲೊಂದಿಟ್ಟು ನೋಡಿದ್ದರೆ, ಎಲ್ಲದರಲ್ಲೂ ನನ್ನ ಮೆಷಿನ್ನಿನ ಅದೇ ಕರಿಗೆರೆ ಅದೇ ಜಾಗದಲ್ಲಿರುವುದು ಕಾಣುತ್ತಿತ್ತು. ನೋಡಲಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಆದೇಶದ ಸುದ್ದಿ ನಾನೇ ಮನೆಗೆ ಒಯ್ಯಬೇಕಾಯಿತು. ಸ್ವಪ್ನ "ಅಪ್ಪಾ, ನಾನೇ ಬರೆದಿದ್ದು, ನಾನೇ ಬರೆದಿದ್ದು" ಎಂದು ಅತ್ತಿದ್ದನ್ನು ನಿಮಗೆ ಹೇಗೆ ಹೇಳಲಿ. ಮಕ್ಕಳು ಪ್ರಾಂಶುಪಾಲರ ಕಾಲು ಹಿಡಿಯುವುದೊಂದು ಬಾಕಿ. ಅಭಿಪ್ರಾಯ ತಪ್ಪಾಗಿ ಕೊಟ್ಟಿದ್ದೇವೆ, ತಿದ್ದುತ್ತೇವೆ ಅಂದರು. "ಒಮ್ಮೆ ಕಳಿಸಿದ ಮೇಲೆ ತಿದ್ದೋಕೆ ಬರಲ್ಲ, ಸಾಫ್ಟ್‌ವೇರಲ್ಲಿ ಆ ವ್ಯವಸ್ಥೆ ಇಲ್ಲ" ಎಂದರು ಅವರು. ಊರಿಗೆಲ್ಲ ಹಿಂದಿರುಗಿ ನೋಡಿ ತಿದ್ದಿಕೊಳ್ಳಿ ಅನ್ನುವ ವಿಭಾಗದಲ್ಲಿ, ಹಿಂದಿರುಗಿ ತಿದ್ದುವುದಕ್ಕೆ ಒಂದು ಬಟನ್ನೂ ಇಲ್ಲವಂತೆ.

ಮಾರನೇ ದಿನ ಅಂಗಡಿ ಮುಚ್ಚಿ, ಮಕ್ಕಳನ್ನು ಕರೆದುಕೊಂಡು ಚಳ್ಳಕೆರೆಗೆ ಹೋದೆ. ಮೇಡಂ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಟಗರಿನ ಕಾಲಿನ ವಿಷಯ ಬಂದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸ್ವಪ್ನಳ ತಲೆ ಸವರಿ ಅಂದರು: "ಅಳಬ್ಯಾಡ ಕಣೇ. ನನ್ನದೂ ತಪ್ಪೈತೆ. ಮಾರೋನಿಗೆ ಗೊತ್ತಿರೋ ಮಾಹಿತಿ ಕೊಳ್ಳೋನಿಗೆ ಸರಿಯಾಗಿ ಮುಟ್ಟದಿದ್ರೆ ಒಳ್ಳೇ ಸರಕೇ ಮಾರುಕಟ್ಟೆಯಿಂದ ಆಚೆ ಹೋಗ್ತೈತೆ ಅನ್ನೋ ಪಾಠ ಇತ್ತಲ್ಲ, ಅದನ್ನ ನಾನು ಅವಸರದಲ್ಲಿ ಮುಗಿಸಿಬಿಟ್ಟೆ. ನಿಮಗೆ ತಿಳೀಲಿಲ್ಲ. ಸೋಮವಾರ ಅದನ್ನ ಮೊದ್ಲಿಂದ..." ಈ ಸೆಮಿಸ್ಟರಿನ ತರಗತಿಗಳು ಮುಗಿದಿವೆ, ಇನ್ನು ಯಾವ ಸೋಮವಾರವೂ ಅವರಿಗೆ ತರಗತಿ ಇಲ್ಲ ಅನ್ನುವುದು ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು.

ಸ್ವಾಮಿ, ನಿಮ್ಮ ಇಡೀ ವಿಶ್ವವಿದ್ಯಾಲಯದಲ್ಲಿ ಆತ್ಮಾವಲೋಕನ ಅಂತ ನಾನು ಕಣ್ಣಾರೆ ಕಂಡಿದ್ದು ಅದೊಂದೇ, ಅದೂ ಕೆಲಸ ಕಳೆದುಕೊಂಡ ಹೆಂಗಸಿನ ಮನೆ ಬಾಗಿಲಲ್ಲಿ. ಹಾಗಾದರೆ ಒಳ್ಳೆಯ ಅಧ್ಯಾಪಕರೊಬ್ಬರು ಸಿಕ್ಕರೆ ನಾವೇನು ಮಾಡಬೇಕು, ನೀವೇ ಹೇಳಿ. ಹೊಗಳಿದರೆ ಎತ್ತಿಕೊಂಡು ಹೋಗುತ್ತೀರಿ, ತೆಗಳಿದರೆ ಎತ್ತಿ ಎಸೆಯುತ್ತೀರಿ. ನಿಮ್ಮ ಗಾಡಿ ಬಂದಾಗಲೆಲ್ಲ ಕಣಜದಲ್ಲಿ ಬಚ್ಚಿಡೋಣವೇ?

ಸಂಜೆ ಮನೆಗೆ ಬಂದು, ಅಲ್ಲಿಯವರೆಗೆ ಮುಚ್ಚಿಟ್ಟಿದ್ದನ್ನೆಲ್ಲ ಅವ್ವನಿಗೆ ಹೇಳಿದೆ. ತನ್ನ ಮಾತಿನಿಂದ ಇಷ್ಟೆಲ್ಲ ಆಯಿತಲ್ಲ ಎಂದು ಅವಳ ಮುಖ ಇಳಿದುಹೋಯಿತು. ಆಮೇಲೆ ಕೇಳಿದಳು: "ಅಲ್ಲ ಕಣಪ್ಪಾ, ಟಗರು ಕೊಳ್ಳಾಕೆ ಬಂದೋನಿಗೆ ಕಾಲು ಸರಿಗಿಲ್ಲ ಅಂದ್ರೆ ಅವ್ನು ಬಗ್ಗಿ ಕಾಲು ಹಿಡ್ದು ನೋಡ್ತಾನೆ. ಇವ್ರು ನೋಡ್ಲೇ ಇಲ್ವಾ?"

ಇಲ್ಲ ಅವ್ವಾ ಅಂದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಕೊನೆಯ ಸೆಮಿಸ್ಟರ್ ಶುರುವಾಗುವ ಮೊದಲು ತೇಜಶ್ರೀ ಮೇಡಂ ಅವರನ್ನು ಅದೇ ತರಗತಿಗೆ, ಅದೇ ಮಕ್ಕಳ ಮುಂದಕ್ಕೆ ವಾಪಸು ಕಳಿಸಿ. ಬಡ್ತಿ ಬೇಡ, ಕೇಂದ್ರ ಕಚೇರಿ ಬೇಡ, ತರಬೇತಿ ಶಿಬಿರ ಖಂಡಿತ ಬೇಡ. ಆಮೇಲೆ ಒಂದು ದಿನ ಯಾರಿಗೂ ಹೇಳದೆ ಬಸ್ಸಿನಲ್ಲಿ ಬನ್ನಿ, ಹಿಂದಿನ ಬೆಂಚಿನಲ್ಲಿ ಕೂತು ನೀವೇ ಬಗ್ಗಿ ಕಾಲು ಹಿಡಿದು ನೋಡಿ. ಹೋಗುವಾಗ ನನ್ನ ಅಂಗಡಿಗೂ ಬನ್ನಿ, ಆತ್ಮಾವಲೋಕನದ ಒಂದು ಖಾಲಿ ನಮೂನೆಯನ್ನು ನಿಮಗೆಂದೇ ತೆಗೆದಿಟ್ಟಿದ್ದೇನೆ. 'ಲೋಪ' ಅನ್ನುವ ಕಡೆ ಸ್ವಂತ ಕೈಯಿಂದ ತುಂಬಿ. ರಾಜು ಸಾರ್ ನಮೂನೆಯ ಪ್ರತಿ ನೀವು ಕೇಳಿದರೆ ಮಾತ್ರ ಕೊಡುವುದಿಲ್ಲ.

ಈ ಪತ್ರದ ಜೊತೆ ಇನ್ನೊಂದು ಹಾಳೆ ಇದೆ. ಸ್ವಪ್ನ ಬರೆದದ್ದು. 'ನಮ್ಮ ಮೇಡಂ ಚೆನ್ನಾಗಿ ಪಾಠ ಮಾಡುತ್ತಾರೆ. ನಮಗೆ ತಿಳಿಯದಿದ್ದರೆ ತಿಳಿಯುವವರೆಗೂ ಬಿಡುವುದಿಲ್ಲ' ಎಂದಷ್ಟೇ ಬರೆದು, ಹೆಸರು ಹಾಕಿ ಸಹಿ ಮಾಡಿದ್ದಾಳೆ. ಅವಳ ಕೆಳಗೆ ಲೋಹಿತ, ಅವನ ಕೆಳಗೆ ಇಡೀ ತರಗತಿ. ಹೊರಗಿನವರಿಗೆ ಕೊಡುವ ಹಾಳೆಯಲ್ಲಿ ಹೀಗೆ ನೇರವಾಗಿ ಹೊಗಳಲು ಆ ಮಕ್ಕಳಿಗೆ ಎಷ್ಟು ಭಯವಿತ್ತೆಂದು ನಿಮಗೆ ಈಗಲಾದರೂ ಗೊತ್ತಾಗಿರಬೇಕು. ನಮ್ಮವ್ವ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಬೇಡ ಅನ್ನಲಿಲ್ಲ. ಎಲ್ಲರ ಸಹಿ ಮುಗಿದ ಮೇಲೆ ಬಂದು, ಹಾಳೆಯ ಮೇಲೆ ಎರಡೂ ಕೈ ಆಡಿಸಿ, ತನ್ನ ತಲೆಯ ಪಕ್ಕ ನೆಟಿಗೆ ಮುರಿದುಕೊಂಡು ಅಂದಳು: "ಈ ಸಲ ಅವ್ರ ಕಣ್ಣು ಒಳ್ಳೇದಿರ್ಲಿ."

ಇಂತಿ,
ನಿಮ್ಮ ಅಧ್ಯಾಪಕರ ಆತ್ಮಗಳಿಗೆ ಪ್ರತಿ ತೆಗೆದುಕೊಟ್ಟು ಹೊಟ್ಟೆ ಹೊರೆಯುವ
ಚಂದ್ರಣ್ಣ, ಬಿ.ಎ., ಎರಡನೇ ದರ್ಜೆ
(ಸೊಳ್ಳೆಯ ಅಂಕ ಸೇರಿಲ್ಲ)
ಕಾಲೇಜು ಗೇಟಿನ ಎದುರು, ಮೊಳಕಾಲ್ಮೂರು